ಚಾವಣಿಯ ಮೇಲೊಂದು ಗಾಳಿ, ಬೀದಿಯಲ್ಲಿ ಇನ್ನೊಂದು

ಇಕ್ಕೆಲಗಳಲ್ಲೂ ಐದಾರು ಮಹಡಿಯ ಕಟ್ಟಡಗಳು ಒತ್ತಾಗಿ ನಿಂತ ಬೀದಿ. ಮೇಲೆ ಚಾವಣಿಯಲ್ಲಿ ಒಣಹಾಕಿದ ಬಟ್ಟೆ ಪೂರ್ವಕ್ಕೆ ಹಾರುತ್ತಿದೆ. ಅಂದರೆ ಗಾಳಿ ಪಶ್ಚಿಮದಿಂದ ಬೀಸುತ್ತಿದೆ. ಅದೇ ಹೊತ್ತಿಗೆ ಕೆಳಗೆ ಬಿದ್ದಿರುವ ಪ್ಲಾಸ್ಟಿಕ್ ಚೀಲವೊಂದು ಪಶ್ಚಿಮಕ್ಕೆ ತೆವಳಿ, ಗೋಡೆಯ ಬುಡ ಮುಟ್ಟಿ, ಅಲ್ಲಿಂದ ಮೇಲಕ್ಕೇರುತ್ತದೆ. ಇದರಲ್ಲಿ ಮಾಯೆಯೇನಿಲ್ಲ. ಬೀದಿಗೆ ಅಡ್ಡಲಾಗಿ ಬಂದ ಗಾಳಿ ಎದುರಿನ ಕಟ್ಟಡದ ಮುಖಕ್ಕೆ ತಗುಲಿ ಕೆಳಗಿಳಿಯುತ್ತದೆ, ರಸ್ತೆಯನ್ನು ಹಿಮ್ಮುಖವಾಗಿ ದಾಟಿ ಮತ್ತೆ ಮೇಲೇರುತ್ತದೆ. ಬೀದಿಯ ಉದ್ದಕ್ಕೂ ಕಾಣದ ಸುರುಳಿಯೊಂದು ಮಲಗಿದಲ್ಲೇ ಉರುಳುತ್ತಿರುತ್ತದೆ.

ಗಾಳಿಯ ಜೊತೆ ನಗರದ ಈ ವ್ಯಾಜ್ಯ ಹಳೆಯದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಗ್ರೀಸಿನ ಲೆಸ್ಬೋಸ್ ದ್ವೀಪದ ಮಿಟಿಲೀನ್ ಪಟ್ಟಣವನ್ನು ಹೊಗಳುತ್ತಲೇ ದೂರಿದ್ದ: ಊರು ಸುಂದರ, ಆದರೆ ದಕ್ಷಿಣದ ಗಾಳಿ ಬೀಸಿದರೆ ಜನ ಕಾಯಿಲೆ ಬೀಳುತ್ತಾರೆ, ಉತ್ತರದ ಗಾಳಿಗೆ ಬೀದಿಯಲ್ಲಿ ನಿಲ್ಲಲಾರರು. ಗಾಳಿ ನೇರವಾಗಿ ನುಗ್ಗದಂತೆ ಬೀದಿಗಳನ್ನು ಓರೆಯಾಗಿ ಎಳೆಯಿರಿ ಎಂಬುದು ಅವನ ಸಲಹೆ. ಅವನ ಕಣ್ಣಿಗೆ ಬಿದ್ದದ್ದು ಬೀದಿಯ ದಿಕ್ಕು. ಕಟ್ಟಡದ ಎತ್ತರದ ತಲೆನೋವು ಶುರುವಾಗಲು ಲಿಫ್ಟ್ ಮತ್ತು ಉಕ್ಕಿನ ಚೌಕಟ್ಟು ಬರಬೇಕಾಯಿತು. 1902ರಲ್ಲಿ ನ್ಯೂಯಾರ್ಕಿನ ಫ್ಲಾಟ್‌ಐರನ್ ಕಟ್ಟಡ ಎದ್ದಾಗ, ಅದರ ಚೂಪು ಮೂಲೆಯ ಬಳಿ ಟೋಪಿ, ಲಂಗಗಳನ್ನು ಹಾರಿಸುತ್ತಿದ್ದ ಗಾಳಿ ಊರಿಗೆ ತಮಾಷೆಯ ವಸ್ತುವಾಯಿತು.

ತಮಾಷೆ ಅಧ್ಯಯನವಾದದ್ದು 1960ರ ದಶಕದಲ್ಲಿ. ಲಂಡನ್ನಿನ ಕ್ರಾಯ್ಡನ್‌ನಲ್ಲಿ ಎತ್ತರದ ಕಚೇರಿ ಕಟ್ಟಡದ ಬುಡದಲ್ಲಿದ್ದ ಅಂಗಡಿಬೀದಿಯಲ್ಲಿ ನಡೆದಾಡುವುದೇ ಕಷ್ಟವಾಯಿತು. ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರ ಕಟ್ಟಡಗಳ ಪುಟ್ಟ ಮಾದರಿಗಳನ್ನು ಮಾಡಿ ಗಾಳಿಸುರಂಗದಲ್ಲಿ, ಅಂದರೆ ಬೇಕಾದ ವೇಗದಲ್ಲಿ ಗಾಳಿ ಹಾಯಿಸುವ ಉದ್ದನೆಯ ಕೊಳವೆಯಂಥ ಕೋಣೆಯಲ್ಲಿ, ಪರೀಕ್ಷಿಸಿತು. ಕೊನೆಗೆ ಆ ಬೀದಿಗೆ ಸೂರನ್ನೇ ಹೊದಿಸಬೇಕಾಯಿತು.

ಕಾರಣ ಇಷ್ಟು. ನೆಲದಿಂದ ಮೇಲೇರಿದಂತೆ ಗಾಳಿಯ ವೇಗ ಹೆಚ್ಚುತ್ತದೆ. ಗಾಳಿ ಗೋಡೆಯ ಮೇಲೆ ಹೇರುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಅಗಲವಾದ ಎತ್ತರದ ಗೋಡೆಗೆ ಬಡಿದ ಗಾಳಿಯಲ್ಲಿ ಮೇಲಿನ ಸ್ವಲ್ಪ ಭಾಗ ಚಾವಣಿ ದಾಟುತ್ತದೆ. ಉಳಿದದ್ದರಲ್ಲಿ ಬಹುಪಾಲು, ಒತ್ತಡ ಕಡಿಮೆಯಿರುವ ಬುಡದ ಕಡೆಗೆ ಜಾರಿ ಮೂಲೆಗಳನ್ನು ಸುತ್ತಿಕೊಂಡು ಓಡುತ್ತದೆ. ಮೇಲಿನ ಮಹಡಿಗಳ ಗಾಳಿಯನ್ನು ಕಾಲುದಾರಿಗೆ ಸುರಿದಂತೆ. ಸಂದಿಗಳು ಆಲಿಕೆಯಂತೆ ಗಾಳಿಯನ್ನು ಹಿಂಡಿ ವೇಗ ಹೆಚ್ಚಿಸುತ್ತವೆ ಎನ್ನುವ ಮಾತು ನನಗೆ ಅರ್ಧ ಸತ್ಯವೆನಿಸುತ್ತದೆ: ಆಲಿಕೆಗೆ ಸುತ್ತಲೂ ಗೋಡೆಯಿದೆ, ಬೀದಿಗೆ ಆಕಾಶ ತೆರೆದಿದೆ. ಇಷ್ಟವಿಲ್ಲದ ಗಾಳಿ ಮೇಲಿನಿಂದಲೇ ಹೊರಟುಹೋಗುತ್ತದೆ.

ಅಷ್ಟೆಲ್ಲ ತಿಳಿದ ಮೇಲೂ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬ್ರಿಡ್ಜ್‌ವಾಟರ್ ಪ್ಲೇಸ್ ಎಂಬ 32 ಮಹಡಿಯ ಗೋಪುರ 2007ರಲ್ಲಿ ಪೂರ್ಣಗೊಂಡಿತು. 2011ರಲ್ಲಿ ಅದರ ಬಳಿ ಗಾಳಿಗೆ ಲಾರಿಯೊಂದು ಮಗುಚಿ ಪಾದಚಾರಿಯೊಬ್ಬರು ಸತ್ತರು. ಗಾಳಿ ತಡೆಯುವ ಫಲಕಗಳು ರಸ್ತೆಯ ಮೇಲೆ ಬಂದದ್ದು ಆಮೇಲೆ.

ಇನ್ನೊಂದು ಬಗೆಯ ಕೇಡಿಗೆ ಸದ್ದಿಲ್ಲ. ಗಾಳಿ ಬಾರದಿರುವುದು ಯಾರ ಟೋಪಿಯನ್ನೂ ಹಾರಿಸುವುದಿಲ್ಲವಲ್ಲ! 1960ರ ದಶಕದಲ್ಲೇ ಫ್ರಾಂಕ್‌ಫರ್ಟ್‌ನ ಬೀದಿಗಳಲ್ಲಿ ವಾಹನಗಳ ಹೊಗೆಯನ್ನು ಅಳೆದಾಗ ಆ ಸುರುಳಿಯ ಗುಟ್ಟು ಹೊರಬಿತ್ತು. ನಮ್ಮ ಬೀದಿಯಲ್ಲಾದರೆ ಹೊಗೆ ದಟ್ಟವಾಗುವುದು ಚೀಲ ತೆವಳಿದ ಪಶ್ಚಿಮದ ಕಾಲುದಾರಿಯಲ್ಲಿ, ಗಾಳಿಗೆ ಮರೆಯಾದ ಬದಿಯಲ್ಲಿ. 1988ರಲ್ಲಿ ಹವಾಮಾನ ವಿಜ್ಞಾನಿ ಟಿಮ್ ಓಕ್ ಇದನ್ನು ಬೀದಿಯ ಅಳತೆಗೆ ಗಂಟುಹಾಕಿದರು. ಕಟ್ಟಡದ ಎತ್ತರವನ್ನು ಬೀದಿಯ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ ಸುಮಾರು 0.3ಕ್ಕಿಂತ ಕಡಿಮೆಯಿದ್ದರೆ ಗಾಳಿ ಎರಡು ಕಟ್ಟಡಗಳ ನಡುವೆ ನೆಲಕ್ಕಿಳಿಯುತ್ತದೆ. 0.7 ದಾಟಿದರೆ ಬಹುಪಾಲು ಚಾವಣಿಗಳ ಮೇಲೆಯೇ ಸವರಿಕೊಂಡು ಹೋಗುತ್ತದೆ. ಕೆಳಗೆ ಅದೇ ಹೊಗೆ ಅದೇ ಸುರುಳಿಯಲ್ಲಿ ಸುತ್ತುತ್ತದೆ.

ಈ ಲೆಕ್ಕ ಆಡಳಿತದ ಕಡತಕ್ಕೆ ಬರಲು ಒಂದು ಸಾಂಕ್ರಾಮಿಕವೇ ಬೇಕಾಯಿತು. 2003ರ ಸಾರ್ಸ್ ಪಿಡುಗಿನ ನಂತರ ಹಾಂಗ್‌ಕಾಂಗ್, ಗೋಡೆಯಂತೆ ಸಾಲುಗಟ್ಟಿದ ಗೋಪುರಗಳು ಗಾಳಿಗೆ ಅಡ್ಡವಾಗಿರುವುದನ್ನು ಗಂಭೀರವಾಗಿ ಪರಿಗಣಿಸಿತು. 2006ರಲ್ಲಿ ದೊಡ್ಡ ಸರ್ಕಾರಿ ಯೋಜನೆಗಳಿಗೆ ಗಾಳಿಯ ಹರಿವಿನ ಮೌಲ್ಯಮಾಪನ ಜಾರಿಗೆ ಬಂತು. ವಿಟ್ರೂವಿಯಸ್ ಹೊರಗಿಡಲು ನೋಡಿದ ಗಾಳಿಯನ್ನು ಇಲ್ಲಿ ಒಳಗೆ ಕರೆಯುವ ಲೆಕ್ಕಾಚಾರ.

ಈಗ ಗಾಳಿಸುರಂಗದಲ್ಲಿ ತಿರುಗುವ ತಟ್ಟೆಯ ಮೇಲೆ ಹೊಸ ಕಟ್ಟಡದ ಪುಟ್ಟ ಮಾದರಿಯನ್ನು ನಿಲ್ಲಿಸಿ, ಸುತ್ತಲಿನ ಬೀದಿಗಳನ್ನೂ ಕಟ್ಟಡಗಳನ್ನೂ ಜೋಡಿಸಿ, ಒಂದೊಂದೇ ದಿಕ್ಕಿನ ಗಾಳಿಗೆ ಒಡ್ಡುತ್ತಾರೆ. ಪಕ್ಕದ ಖಾಲಿ ನಿವೇಶನ ಆ ತಟ್ಟೆಯ ಮೇಲೂ ಖಾಲಿಯಾಗಿರುತ್ತದೆ. ಅಲ್ಲೊಂದು ಗೋಪುರ ಎದ್ದ ದಿನ ಹಳೆಯ ವರದಿಯ ಅಂಕಿಗಳೆಲ್ಲ ಬೇರೊಂದು ಬೀದಿಯವು.