ಪದ ಪರಿಚಯ: ಮಾಸ್ಕ್ ಕಡ್ಡಾಯ

2020ರ ಮಾರ್ಚ್ 10ರ ರಾತ್ರಿ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ಮೇಲೆ ಅವರಿಗೆ ಕೋವಿಡ್ ಇತ್ತು ಎಂದು ಖಚಿತವಾಯಿತು. ದೇಶದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು ಅದು. ಕೆಲವೇ ವಾರಗಳಲ್ಲಿ ಒಂದು ಮಾತು ಊರಿನ ತುಂಬ ಕೇಳತೊಡಗಿತು: ಮಾಸ್ಕ್ ಕಡ್ಡಾಯ. ಅಂಗಡಿ ಬಾಗಿಲಲ್ಲಿ ಅದೇ, ಬಸ್ಸಿನಲ್ಲಿ ಅದೇ, ಬ್ಯಾಂಕಿನಲ್ಲೂ ಅದೇ. ಎಲ್ಲರೂ ಹೇಳಿದರು, ಎಲ್ಲರೂ ಕೇಳಿದರು. ಆದರೆ ಆ ಎರಡು ಪದಗಳ ಹಿಂದೆ ಯಾವ ಕಾನೂನಿದೆ, ಅದು ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಿದವರು ಕಡಿಮೆ. ಇನ್ನೊಂದು ಸಾಂಕ್ರಾಮಿಕ ಬಂದರೆ ಈ ಮಾತು ಮತ್ತೆ ಬರುತ್ತದೆ. ಹಾಗಾಗಿ ಈಗಲೇ ತಿಳಿದುಕೊಂಡಿರುವುದು ಒಳ್ಳೆಯದು.

ಸರಳವಾಗಿ ಹೇಳುವುದಾದರೆ, ಇದು ರೋಗ ಹರಡುವ ಕಾಲದಲ್ಲಿ ಸರ್ಕಾರವೋ ಜಿಲ್ಲಾಡಳಿತವೋ ಹೊರಡಿಸುವ ಒಂದು ಆದೇಶ. ನಾಲ್ಕು ಜನ ಸೇರುವ ಜಾಗದಲ್ಲಿ ಬಾಯಿ, ಮೂಗು ಎರಡನ್ನೂ ಮುಚ್ಚಿಕೊಂಡೇ ಇರಬೇಕು, ಇಲ್ಲದಿದ್ದರೆ ದಂಡ ಕಟ್ಟಬೇಕು ಎನ್ನುವುದು ಅದರ ತಿರುಳು. ಇದರಲ್ಲಿ ಗಮನಿಸಬೇಕಾದ್ದು 'ಜಾಗ' ಎಂಬ ಮಾತು. ಈ ನಿಯಮ ಅಂಟಿಕೊಂಡಿರುವುದು ಮನುಷ್ಯನಿಗಲ್ಲ, ಜಾಗಕ್ಕೆ. ನಿಮ್ಮ ಮನೆಯ ಪಡಸಾಲೆಯಲ್ಲಿ ನೀವು ಹೇಗಿದ್ದರೂ ಯಾರೂ ಕೇಳುವುದಿಲ್ಲ. ಅದೇ ನೀವು ಮನೆ ದಾಟಿ ಬಸ್ ಹತ್ತಿದ ಕೂಡಲೇ ನಿಯಮ ಶುರುವಾಗುತ್ತದೆ. ಬೀಡಿ ಸಿಗರೇಟಿನ ಕಾನೂನನ್ನು ನೆನಪಿಸಿಕೊಳ್ಳಿ. ಸೇದುವುದೇ ತಪ್ಪು ಎಂದು ಅದು ಹೇಳುವುದಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಬೇಡಿ ಎನ್ನುತ್ತದೆ. ಯಾಕೆಂದರೆ ಅಲ್ಲಿನ ಗಾಳಿ ನಿಮ್ಮೊಬ್ಬರದಲ್ಲ. ಮಾಸ್ಕ್ ನಿಯಮದ ಹಿಂದಿರುವುದೂ ಇದೇ ಲೆಕ್ಕ.

ಹಾಗಾದರೆ ಸಾರ್ವಜನಿಕ ಸ್ಥಳ ಯಾವುದು? ನಮ್ಮ ಕಲಬುರಗಿಯನ್ನೇ ತೆಗೆದುಕೊಂಡರೆ ಸೂಪರ್ ಮಾರ್ಕೆಟ್‌ನ ಬೀದಿ, ಗಂಜ್ ಮಾರುಕಟ್ಟೆ, ಸೆಂಟ್ರಲ್ ಬಸ್ ಸ್ಟ್ಯಾಂಡ್, ಆಸ್ಪತ್ರೆ, ತಹಶೀಲ್ದಾರ್ ಕಚೇರಿ, ಫಂಕ್ಷನ್ ಹಾಲ್, ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ ಎಲ್ಲವೂ ಇದರಲ್ಲಿ ಬರುತ್ತವೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಬರುವುದು ಅಂಚಿನ ಜಾಗಗಳಲ್ಲಿ. ಕಿರಾಣಿ ಅಂಗಡಿ ಸ್ವಂತ ಆಸ್ತಿಯೇ ಇರಬಹುದು, ಆದರೆ ಗಿರಾಕಿ ಒಳಗೆ ಬರುತ್ತಾನಲ್ವಾ? ಹಾಗಾಗಿ ಗಲ್ಲೆಯ ಮೇಲೆ ಕೂತ ಸಾಹುಕಾರನೂ ಮಾಸ್ಕ್ ಹಾಕಬೇಕು. ಆಟೋ ಕೂಡ ಹಾಗೆಯೇ. ಇನ್ನು ಸ್ವಂತ ಕಾರಿನಲ್ಲಿ ಒಬ್ಬರೇ ಹೋಗುತ್ತಿದ್ದರೆ? ಈ ಪ್ರಶ್ನೆ ದೆಹಲಿ ಹೈಕೋರ್ಟ್‌ವರೆಗೆ ಹೋಯಿತು. 2021ರ ಏಪ್ರಿಲ್ 7ರಂದು ಆ ಕೋರ್ಟ್, ಒಬ್ಬರೇ ಇದ್ದರೂ ಕಾರಿನಲ್ಲಿ ಮಾಸ್ಕ್ ಹಾಕಲೇಬೇಕು ಎಂದು ಹೇಳಿತು. ರಸ್ತೆಯಲ್ಲಿರುವ ಕಾರನ್ನೂ ಅದು ಸಾರ್ವಜನಿಕ ಸ್ಥಳದ ಲೆಕ್ಕಕ್ಕೆ ಸೇರಿಸಿತು. ಕಿಟಕಿ ಇಳಿಸಿ ಯಾರ ಜೊತೆಗಾದರೂ ಮಾತಾಡಬಹುದು, ಆಮೇಲೆ ಬೇರೆಯವರು ಅದೇ ಕಾರು ಹತ್ತಬಹುದು ಎನ್ನುವ ವಾದ ಅದರ ಹಿಂದಿತ್ತು. ನನಗೆ ಇದು ಸ್ವಲ್ಪ ಅತಿಯಾಯಿತು ಎನಿಸುತ್ತದೆ. ಮುಂದಿನ ವರ್ಷ ದೆಹಲಿಯಲ್ಲೇ ಈ ನಿಯಮಕ್ಕೆ ವಿನಾಯಿತಿ ಕೊಟ್ಟರು.

ಆದೇಶ ಹೊರಡಿಸುವವರು ಯಾರು ಎಂಬುದಕ್ಕೂ ಒಂದೇ ಉತ್ತರವಿಲ್ಲ. 2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಸಚಿವಾಲಯ, 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ, ಎಲ್ಲ ಸಾರ್ವಜನಿಕ ಸ್ಥಳಗಳಲ್ಲೂ ಮುಖ ಮುಚ್ಚಿಕೊಳ್ಳುವುದು ಕಡ್ಡಾಯ ಎಂದಿತು. ಸಾರ್ವಜನಿಕ ಸ್ಥಳದಲ್ಲಿ ಉಗುಳಿದರೆ ದಂಡ ಎಂಬುದೂ ಅದೇ ಆದೇಶದಲ್ಲಿತ್ತು. ಈ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆ ದಿನಗಳಲ್ಲಿ ಡಿಸಿ ಆದೇಶಕ್ಕೆ ಅಷ್ಟು ತೂಕ ಬಂದದ್ದು ಇದರಿಂದಲೇ. ಇದರ ಜೊತೆಗೆ 1897ರ ಹಳೆಯ ಸಾಂಕ್ರಾಮಿಕ ರೋಗಗಳ ಕಾಯ್ದೆ ಇತ್ತು. ಕರ್ನಾಟಕ 2020ರಲ್ಲಿ ತನ್ನದೇ ಸಾಂಕ್ರಾಮಿಕ ರೋಗಗಳ ಕಾನೂನನ್ನೂ ತಂದಿತು. ಪಾಲಿಕೆ, ನಗರಸಭೆ, ಗ್ರಾಮ ಪಂಚಾಯತಿಗಳು ಈ ಸರಪಳಿಯ ಕೊನೆಯ ಕೊಂಡಿ. ಕಾನೂನು ಬರೆಯುವುದು ಅವರಲ್ಲ, ಬೀದಿಯಲ್ಲಿ ಜಾರಿ ಮಾಡುವುದು ಅವರು. ಜನರ ಸಿಟ್ಟು ನೇರವಾಗಿ ತಟ್ಟಿದ್ದೂ ಅವರಿಗೇ.

ದಂಡದ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಮೊದಲು ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 200 ರೂಪಾಯಿ, ಉಳಿದ ಕಡೆ 100 ರೂಪಾಯಿ ಇತ್ತು. 2020ರ ಅಕ್ಟೋಬರ್ ಶುರುವಿನಲ್ಲಿ ಅದು ಒಮ್ಮೆಗೇ ನಗರಗಳಲ್ಲಿ 1000, ಹಳ್ಳಿಗಳಲ್ಲಿ 500 ಆಯಿತು. ಜನ ಸಿಟ್ಟಿಗೆದ್ದರು. ವಾರ ಕಳೆಯುವಷ್ಟರಲ್ಲಿ ಪಾಲಿಕೆಗಳಲ್ಲಿ 250, ಬೇರೆಡೆ 100ಕ್ಕೆ ಇಳಿಸಿದರು. ಇಲ್ಲಿ ನಮ್ಮ ಭಾಗಕ್ಕೆ ಸಂಬಂಧಿಸಿದ ಒಂದು ಸಂಗತಿ ಇದೆ. ಕಲಬುರಗಿಯಲ್ಲಿ ಮಹಾನಗರ ಪಾಲಿಕೆ ಇದೆ. ಬೀದರ್ ಮತ್ತು ಯಾದಗಿರಿ ಆಗ ನಗರಸಭೆಗಳು. ಹಾಗಾಗಿ ಅದೇ ತಪ್ಪಿಗೆ ಕಲಬುರಗಿಯಲ್ಲಿ 250, ಬೀದರಿನಲ್ಲಿ 100. ಬೀದರಿನವರು ಗಡಿ ದಾಟಿ ಜಹೀರಾಬಾದಿಗೆ ಹೋದರೆ ಅದು ತೆಲಂಗಾಣ, ಅಲ್ಲಿ 1000 ರೂಪಾಯಿ! ರೋಗಕ್ಕೆ ಗಡಿ ಇಲ್ಲ, ದಂಡಕ್ಕೆ ಇತ್ತು. ಹೈದರಾಬಾದಿಗೆ ಆಸ್ಪತ್ರೆಗೆಂದೋ ಮಹಾರಾಷ್ಟ್ರದ ಸೋಲಾಪುರಕ್ಕೆ ವ್ಯಾಪಾರಕ್ಕೆಂದೋ ವಾರವಾರ ಓಡಾಡುವ ಜನ ನಾವು. ಇಂಥ ಊರುಗಳಿಗೆ ಮೂರು ರಾಜ್ಯಗಳ ಗಡಿ ಜಿಲ್ಲೆಗಳು ಕೂತು ಒಂದೇ ನಿಯಮ ಮಾಡಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಕಾಗದದ ಮೇಲೆ ಶಿಕ್ಷೆ ಇನ್ನೂ ಕಠಿಣವಾಗಿತ್ತು. ವಿಪತ್ತು ಕಾಯ್ದೆಯ 51ನೇ ಕಲಂ ಪ್ರಕಾರ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ಆದರೆ ಬಸ್ಕಿ ಹೊಡೆಸುವುದು, ಲಾಠಿಯಿಂದ ಹೊಡೆಯುವುದು ಯಾವ ಕಾನೂನಿನಲ್ಲೂ ಇಲ್ಲ. ಇದನ್ನು ಒತ್ತಿ ಹೇಳಬೇಕು. ದೇಶದ ಹಲವು ಕಡೆ ಇದು ನಡೆಯಿತು, ವಿಡಿಯೋಗಳೂ ಓಡಾಡಿದವು. ಮಾಸ್ಕ್ ಹಾಕದವರನ್ನು ಕೋವಿಡ್ ಕೇಂದ್ರಗಳಲ್ಲಿ ಸೇವೆಗೆ ಹಚ್ಚಿ ಎಂದು ಗುಜರಾತ್ ಹೈಕೋರ್ಟ್ ಹೇಳಿದಾಗ, 2020ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯುವುದು ನಿಮ್ಮ ಹಕ್ಕು.

ಇನ್ನು ಮಾಸ್ಕ್ ಎಂದರೆ ಯಾವ ಮಾಸ್ಕ್? ಕೇಂದ್ರದ ಆದೇಶ ಕೇಳಿದ್ದು ಮುಖ ಮುಚ್ಚಿಕೊಳ್ಳುವುದನ್ನು ಮಾತ್ರ. ಔಷಧಿ ಅಂಗಡಿಯ ಮಾಸ್ಕೇ ಬೇಕು ಎಂದು ಅದು ಹೇಳಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ದಸ್ತಿಯನ್ನೋ (ಕರವಸ್ತ್ರ) ಟವೆಲನ್ನೋ ಮುಖಕ್ಕೆ ಸುತ್ತಿಕೊಳ್ಳುವುದು ಮೊದಲಿನಿಂದಲೂ ಇದೆ. ಮೇ ತಿಂಗಳ ಬಿಸಿಲು 43 ಡಿಗ್ರಿ ಮುಟ್ಟುವ ಊರಿದು. ಜೇವರ್ಗಿ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ತಡೆದಾಗ ಮುದುಕರೊಬ್ಬರು, "ದಸ್ತಿ ಕಟ್ಕೊಂಡೀನಲ್ರೀ, ಮತ್ತೇನ್ ಬೇಕ್ರಿ?" ಎಂದಿದ್ದರು. ಕಂಡಕ್ಟರ್ ಒಂದು ಗಳಿಗೆ ನೋಡಿ, "ಮೂಗಿನ ಮ್ಯಾಗ ಏರಸ್ರಿ ಯಜಮಾನ್ರ" ಎಂದು ಒಳಗೆ ಬಿಟ್ಟರು. ಇಬ್ಬರೂ ಸರಿ. ನಿಯಮದ ಪ್ರಕಾರ ದಸ್ತಿ ನಡೆಯುತ್ತದೆ, ಆದರೆ ಮೂಗು ಬಿಟ್ಟು ಕಟ್ಟಿದರೆ ಕಟ್ಟದಂತೆಯೇ ಲೆಕ್ಕ. ನಾವು ಉಸಿರು ಬಿಡುವುದು ಮೂಗಿನಿಂದ ಅಲ್ವಾ? ಕಾಪಾಡುವ ಶಕ್ತಿಯಲ್ಲಿ ಮಾತ್ರ ಎಲ್ಲವೂ ಒಂದೇ ಅಲ್ಲ. ಒಂದು ಪದರದ ಬಟ್ಟೆ ತಡೆಯುವುದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಮೂರು ಪದರದ ಬಟ್ಟೆ ಮಾಸ್ಕ್ ಹಾಕಿ ಎಂದಿತು. ಸರ್ಜಿಕಲ್ ಮಾಸ್ಕ್ ಅದಕ್ಕಿಂತ ಮೇಲು. ಎನ್-95 ಸರಿಯಾಗಿ ಮುಖಕ್ಕೆ ಕೂತರೆ ತೀರಾ ಸಣ್ಣ ಕಣಗಳಲ್ಲೂ ಕನಿಷ್ಠ 95 ಪರ್ಸೆಂಟ್ ತಡೆಯುತ್ತದೆ. ಕವಾಟ ಇರುವ ಎನ್-95 ಹಾಕಿದವರನ್ನು ಕಾಪಾಡುತ್ತದೆ, ಆದರೆ ಅವರ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. ಅದನ್ನು ಬಳಸಬೇಡಿ ಎಂದು 2020ರ ಜುಲೈನಲ್ಲೇ ಕೇಂದ್ರ ಎಚ್ಚರಿಸಿತ್ತು.

ಈ ಕವಾಟದ ಮಾತಿನಲ್ಲೇ 'ಕಡ್ಡಾಯ'ದ ಕಾರಣವೂ ಇದೆ. ನನ್ನ ಜೀವ ನನ್ನಿಷ್ಟ, ನಿಮಗೇನು ಎಂದು ಬಹಳ ಜನ ಕೇಳಿದರು. ಕೋವಿಡ್ ಬಂದವರು ಕೆಮ್ಮು, ಜ್ವರ ಕಾಣಿಸುವ ಮೊದಲೇ ಬೇರೆಯವರಿಗೆ ಹರಡಬಲ್ಲರು. ನನಗೇನೂ ಆಗಿಲ್ಲ ಎಂದುಕೊಂಡವರ ಉಸಿರಿನಲ್ಲೂ ವೈರಸ್ ಇರಬಹುದು. ಹಾಗಾಗಿ ಮಾಸ್ಕ್ ಹಾಕುವುದು ಪಕ್ಕದವರಿಗಾಗಿಯೂ ಹೌದು. ನಿಮ್ಮ ನಿರ್ಧಾರದ ಫಲ ಬೇರೆಯವರು ಉಣ್ಣಬೇಕಾದಾಗ ಮಾತ್ರ ಸರ್ಕಾರಕ್ಕೆ ಕಡ್ಡಾಯ ಮಾಡುವ ನ್ಯಾಯ ಸಿಗುತ್ತದೆ.

ಇಷ್ಟು ಒಪ್ಪಿದ ಮೇಲೆ, ಜಾರಿ ಮಾಡಿದ ರೀತಿಯ ಬಗ್ಗೆ ನನಗೊಂದು ದೊಡ್ಡ ಆಕ್ಷೇಪವಿದೆ. ಈ ವೈರಸ್ ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳ ಮೂಲಕವೂ ಹರಡುತ್ತದೆ. ಮುಚ್ಚಿದ, ಗಾಳಿ ಆಡದ ಕೋಣೆಯಲ್ಲಿ ಅವು ಹೆಚ್ಚು ಹೊತ್ತು ಉಳಿಯುತ್ತವೆ. ಬಯಲಿನಲ್ಲಿ ಗಾಳಿಗೆ ಚದುರಿಹೋಗುತ್ತವೆ. 2021ರ ಮೇ ತಿಂಗಳಲ್ಲಿ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಇಂಥ ಕಣಗಳು 10 ಮೀಟರ್‌ವರೆಗೂ ಹೋಗಬಲ್ಲವು, ಕಿಟಕಿ ಬಾಗಿಲು ತೆರೆದಿಡಿ ಎಂದು ಹೇಳಿತು. ಹಾಗಿದ್ದಾಗ ಕಣ್ಣಿಡಬೇಕಾದದ್ದು ಎಲ್ಲಿ? ಫಂಕ್ಷನ್ ಹಾಲ್‌ನ ಊಟದ ಸಾಲು, ಎಸಿ ಹಾಕಿದ ಬಟ್ಟೆ ಅಂಗಡಿ, ಕಿಟಕಿ ಮುಚ್ಚಿದ ಬಸ್ಸು, ಬ್ಯಾಂಕಿನ ಒಳಗಿನ ಕ್ಯೂ. ಆದರೆ ದಂಡದ ಪುಸ್ತಕ ಹಿಡಿದವರು ಜಾಸ್ತಿ ಕಂಡದ್ದು ಸರ್ಕಲ್‌ಗಳಲ್ಲಿ. ಬಯಲಲ್ಲಿ ಒಬ್ಬನೇ ಬೈಕ್ ಮೇಲೆ ಹೋಗುವವನನ್ನು ನಿಲ್ಲಿಸುವುದು ಸುಲಭ. ಮದುವೆ ಮನೆಗೆ ನುಗ್ಗಿ ಬೀಗರಿಗೆ ದಂಡ ಹಾಕುವುದು ಕಷ್ಟ. ಹೀಗಾಗಿ ಭಾರವೆಲ್ಲ ಬಿದ್ದದ್ದು ತಳ್ಳುಗಾಡಿಯವರು, ಕೂಲಿಯವರು, ಬೈಕಿನವರ ಮೇಲೆ. ದಿನದ ಕೂಲಿಯಲ್ಲಿ 250 ರೂಪಾಯಿ ಹೋದರೆ ಆ ಮನೆಯಲ್ಲಿ ಏನು ಬೇಯಬೇಕು?

ದಂಡಕ್ಕಿಂತ ಒಳ್ಳೆಯ ದಾರಿ ಇದೆ ಎಂಬುದಕ್ಕೆ ಪುರಾವೆಯೂ ಇದೆ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ದೊಡ್ಡ ಪ್ರಯೋಗವೊಂದು ನಡೆಯಿತು. ಕೆಲವು ಹಳ್ಳಿಗಳಲ್ಲಿ ಮನೆಮನೆಗೆ ಪುಕ್ಕಟೆ ಮಾಸ್ಕ್ ಕೊಟ್ಟರು, ಮಸೀದಿ ಮಾರುಕಟ್ಟೆಗಳಲ್ಲಿ ಸಮಾಧಾನದಿಂದ ತಿಳಿಹೇಳಿದರು. ಸರಿಯಾಗಿ ಮಾಸ್ಕ್ ಹಾಕುವವರು ಅಲ್ಲಿ ನೂರಕ್ಕೆ 42 ಆದರು. ಇದೇನೂ ಮಾಡದ ಹಳ್ಳಿಗಳಲ್ಲಿ ನೂರಕ್ಕೆ 13 ಮಾತ್ರ. ಲಕ್ಷಣ ಇರುವ ಸೋಂಕು ಸುಮಾರು 9 ಪರ್ಸೆಂಟ್ ಕಡಿಮೆಯಾಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಊರುಗಳಲ್ಲಿ 60 ದಾಟಿದವರಿಗೆ ಸಿಕ್ಕ ಲಾಭ ಇನ್ನೂ ಜಾಸ್ತಿ. ಎಲ್ಲ ಅಧ್ಯಯನಗಳೂ ಇಷ್ಟು ಸ್ಪಷ್ಟವಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಾಮರ್ಶೆ, ಊರ ಮಟ್ಟದಲ್ಲಿ ಮಾಸ್ಕಿನ ಪರಿಣಾಮದ ಬಗ್ಗೆ ಪುರಾವೆ ಗಟ್ಟಿಯಾಗಿಲ್ಲ ಎಂದಿತು. ಆದೇಶ ಹೊರಡಿಸಿದರಷ್ಟೇ ಸಾಲದು ಎಂಬುದಂತೂ ನಿಜ. ನಮ್ಮಲ್ಲೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕೂತು ಬಟ್ಟೆ ಮಾಸ್ಕ್ ಹೊಲಿದರು. ಆ ಕೆಲಸಕ್ಕೆ ಇನ್ನಷ್ಟು ಹಣ ಹಾಕಿ, ದಂಡದ ರಸೀದಿಯ ಜೊತೆ ಎರಡು ಮಾಸ್ಕೂ ಕೊಟ್ಟಿದ್ದರೆ ಆ ಮನುಷ್ಯ ಮುಂದಿನ ಸರ್ಕಲ್‌ನಲ್ಲಿ ಮತ್ತೆ ಸಿಕ್ಕಿಬೀಳುತ್ತಿರಲಿಲ್ಲ.

ಕೊನೆಗೆ, ಕಡ್ಡಾಯ ಮತ್ತು ಸಲಹೆ ಎರಡೂ ಬೇರೆ. ವಿಪತ್ತು ಕಾಯ್ದೆಯಡಿಯ ಕೋವಿಡ್ ಆದೇಶಗಳನ್ನು ಕೇಂದ್ರ 2022ರ ಮಾರ್ಚ್ 31ಕ್ಕೆ ಮುಗಿಸಿತು. ಆದರೂ ಮಾಸ್ಕ್ ಹಾಕಿ ಎಂಬ ಸಲಹೆ ಉಳಿಯಿತು. 2023ರ ಡಿಸೆಂಬರ್‌ನಲ್ಲಿ ಕೋವಿಡ್ ವೈರಸ್‌ನ ಜೆಎನ್.1 ತಳಿಯ ಸುದ್ದಿ ಬಂದಾಗ, 60 ವರ್ಷ ದಾಟಿದವರು ಮಾಸ್ಕ್ ಹಾಕಿಕೊಳ್ಳಲಿ ಎಂದು ಕರ್ನಾಟಕ ಸರ್ಕಾರ ಹೇಳಿತು. ಅದು ಸಲಹೆ, ದಂಡ ಇರಲಿಲ್ಲ. ಹಾಗಾಗಿ ಮುಂದೆ ವಾಟ್ಸ್‌ಆ್ಯಪ್‌ನಲ್ಲಿ ಯಾರಾದರೂ 'ಮಾಸ್ಕ್ ಕಡ್ಡಾಯ ಆಯ್ತಂತ' ಎಂದು ಕಳಿಸಿದರೆ ಮೂಲ ಆದೇಶ ತೆಗೆದು ನೋಡಿ. ಯಾವ ಕಾಯ್ದೆಯ ಹೆಸರಿದೆ, ಯಾವ ಜಾಗಗಳನ್ನು ಹೇಳಿದ್ದಾರೆ, ಎಷ್ಟು ದಂಡ, ಯಾವ ತಾರೀಖಿನವರೆಗೆ ಎಂಬುದು ಅದರಲ್ಲಿ ಇರಬೇಕು. ಕಾಯ್ದೆಯ ಹೆಸರಾಗಲಿ ದಂಡದ ಮಾತಾಗಲಿ ಇಲ್ಲದಿದ್ದರೆ ಅದು ಹೆಚ್ಚಾಗಿ ಸಲಹೆಯೇ. ಮನೆಯಲ್ಲಿ ವಯಸ್ಸಾದವರೋ ಸಕ್ಕರೆ ಕಾಯಿಲೆಯವರೋ ಇದ್ದರೆ ಆ ಸಲಹೆಯನ್ನೂ ಬಿಡಬೇಡಿ.