ಲೈಸ್ಯಾಂಡರ್‌ಗೆ ಬಾಂಬು ಕಟ್ಟಿದವರು: ಮಹಾಯುದ್ಧದ ಆರಂಭದಲ್ಲಿ ಭಾರತೀಯ ಪೈಲಟ್‌ಗಳು

1942ರ ಫೆಬ್ರವರಿ ಮೊದಲ ವಾರದಲ್ಲಿ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಬರ್ಮಾದ ಟೌಂಗೂ ವಿಮಾನ ನಿಲ್ದಾಣಕ್ಕೆ ಬಂದಿಳಿದ ಬೆನ್ನಲ್ಲೇ ಜಪಾನಿನ ಬಾಂಬರುಗಳು ಆ ನಿಲ್ದಾಣದ ಮೇಲೆ ಎರಗಿದವು. ದೂರದೂರ ಚದುರಿಸಿ ನಿಲ್ಲಿಸಿದ್ದರಿಂದ ಸ್ಕ್ವಾಡ್ರನ್ನಿನ ಲೈಸ್ಯಾಂಡರ್ ವಿಮಾನಗಳು ಉಳಿದುಕೊಂಡವು. ಶತ್ರು ಎಲ್ಲಿಂದ ಬಂದನೋ ಅಲ್ಲಿಗೇ ಹೋಗಿ ಹೊಡೆಯಬೇಕೆಂದು ನಿರ್ಧರಿಸಿದ ಸ್ಕ್ವಾಡ್ರನ್ ಲೀಡರ್ ಕರುಣ್ ಕೃಷ್ಣ ಮಜುಂದಾರ್ ತಮ್ಮ ವಿಮಾನಕ್ಕೆ 250 ಪೌಂಡಿನ ಎರಡು ಬಾಂಬುಗಳನ್ನು ಕಟ್ಟಿಸಿಕೊಂಡು ಥಾಯ್ಲೆಂಡಿನ ಗಡಿಯೊಳಗಿನ ಮೇ ಹೊಂಗ್ ಸೊನ್ ವಾಯುನೆಲೆಯತ್ತ ಹೊರಟರು. ಆಗ ಅವರಿಗೆ 28 ವರ್ಷ. ಬೆಂಗಾವಲಿಗೆ ಬ್ರಿಟಿಷ್ ವಾಯುಪಡೆಯ ಬಫೆಲೋ ಯುದ್ಧವಿಮಾನಗಳಿದ್ದವು. ಮರುದಿನ ಅವರು ಇಡೀ ಸ್ಕ್ವಾಡ್ರನ್ನನ್ನೇ ಕಟ್ಟಿಕೊಂಡು ಹೋದರು.

ಲೈಸ್ಯಾಂಡರ್ ಬಾಂಬರ್ ವಿಮಾನವಲ್ಲ ಎಂಬುದನ್ನು ತಿಳಿದರೆ ಈ ಸಾಹಸದ ವಿಚಿತ್ರ ಅರ್ಥವಾಗುತ್ತದೆ. ಅದು ಭೂಸೇನೆಯ ಕಣ್ಣಾಗಿ ಕೆಲಸ ಮಾಡುವುದಕ್ಕೆ, ಅಂದರೆ ಶತ್ರುವಿನ ಚಲನವಲನ ನೋಡುವುದಕ್ಕೆ, ಫಿರಂಗಿಗಳಿಗೆ ಗುರಿ ತೋರಿಸುವುದಕ್ಕೆ, ಸಂದೇಶ ಒಯ್ಯುವುದಕ್ಕೆ ರೂಪಿಸಿದ ವಿಮಾನ. ಪೈಲಟ್‌ನ ತಲೆಯ ಮೇಲಿಂದ ಹಾಯುವ ಅಗಲವಾದ ರೆಕ್ಕೆ, ಒಳಗೆ ಮಡಚಿಕೊಳ್ಳದ ದಪ್ಪ ಗಾಲಿಗಂಬ, ಆ ಗಾಲಿಗಂಬದಿಂದಲೇ ಚಾಚಿಕೊಂಡ ಪುಟ್ಟ ಮೋಟುರೆಕ್ಕೆ. ಹಗುರವಾದ ಬಾಂಬುಗಳಿಗೆಂದು ಮಾಡಿದ್ದ ಆ ಮೋಟುರೆಕ್ಕೆಗೆ ಮಜುಂದಾರರ ತಂತ್ರಜ್ಞರು ಒಂದೊಂದೂ 113 ಕಿಲೋ ತೂಗುವ ಬಾಂಬುಗಳನ್ನು ನೇತುಹಾಕಿದರು. ಎಷ್ಟು ದೌಡಾಯಿಸಿದರೂ ಲೈಸ್ಯಾಂಡರಿನ ವೇಗ ಗಂಟೆಗೆ ಸುಮಾರು 340 ಕಿಲೋಮೀಟರ್ ದಾಟುತ್ತಿರಲಿಲ್ಲ. ಜಪಾನಿನ ಕೀ-27 ಯುದ್ಧವಿಮಾನ ಸುಮಾರು 470ರ ವೇಗದಲ್ಲಿ ಬರುತ್ತಿತ್ತು.

ಯುದ್ಧ ಶುರುವಾಗಿ ಎರಡೂವರೆ ವರ್ಷ ಕಳೆದ ಮೇಲೂ ಒಂದು ದೇಶದ ವಾಯುಪಡೆ ಇಂಥ ವಿಮಾನದಲ್ಲಿ ರಣರಂಗಕ್ಕೆ ಇಳಿಯಬೇಕಾಗಿ ಬಂದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಮೊದಲ ಮಹಾಯುದ್ಧದಲ್ಲಿದೆ. ಆ ಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಸೇರಿ ಹಾರಿದ ಭಾರತೀಯರು ಬೆರಳೆಣಿಕೆಯಷ್ಟು ಮಂದಿ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಹರ್ದಿತ್ ಸಿಂಗ್ ಮಲಿಕ್ ಮೊದಲು ತಿರಸ್ಕೃತರಾಗಿ, ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿ, ಕೊನೆಗೆ 1917ರಲ್ಲಿ ಪೈಲಟ್ ಆದರು. ಇಂದ್ರ ಲಾಲ್ ರಾಯ್ 1918ರ ಜುಲೈನಲ್ಲಿ ಎರಡು ವಾರದೊಳಗೆ ಶತ್ರು ವಿಮಾನಗಳ ಮೇಲೆ 10 ವಿಜಯಗಳನ್ನು ದಾಖಲಿಸಿ, ಅದೇ ತಿಂಗಳ 22ರಂದು ತಮ್ಮ 19ನೇ ವಯಸ್ಸಿನಲ್ಲಿ ಮಡಿದರು. ಭಾರತೀಯರಿಗೆ ವಿಮಾನ ಹಾರಿಸಲು ಬರುತ್ತದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಅಲ್ಲಿಗೇ ತೆರೆ ಬೀಳಬೇಕಿತ್ತು. ಆದರೆ ಯುದ್ಧ ಮುಗಿದ ಮೇಲೆ ಆ ಬಾಗಿಲು ಮತ್ತೆ ಮುಚ್ಚಿಕೊಂಡಿತು. 1925ರಲ್ಲಿ ನೇಮಕವಾದ ಸ್ಕೀನ್ ಸಮಿತಿಯು ಭಾರತೀಯ ತರುಣರನ್ನು ಇಂಗ್ಲೆಂಡಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿಗೆ ಸೇರಿಸಿಕೊಳ್ಳಬೇಕೆಂದು ಶಿಫಾರಸು ಮಾಡಿತು. ಮೊದಲ ತಂಡ ಅಲ್ಲಿಗೆ ಹೋದದ್ದು 1930ರಲ್ಲಿ.

1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಕಾಗದದ ಮೇಲೆ ಹುಟ್ಟಿತು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಮೊದಲ ಸ್ಕ್ವಾಡ್ರನ್ ರೂಪುಗೊಂಡಾಗ ಅದರ ಆಸ್ತಿ ಎಂದರೆ ನಾಲ್ಕು ವಾಪಿಟಿ ವಿಮಾನಗಳು, ಐವರು ಪೈಲಟ್‌ಗಳು ಮತ್ತು ‘ಹವಾಯಿ ಸಿಪಾಯಿ’ಗಳೆಂದು ಕರೆಸಿಕೊಂಡ ಸಣ್ಣದೊಂದು ತಂತ್ರಜ್ಞರ ಗುಂಪು. ವಾಪಿಟಿ ಎಂದರೆ ಎರಡು ಅಂತಸ್ತಿನ ರೆಕ್ಕೆಯ, ಮೇಲ್ಛಾವಣಿಯಿಲ್ಲದ ಹಳೆಯ ಕಾಲದ ವಿಮಾನ. ಬ್ರಿಟಿಷ್ ವಾಯುಪಡೆಯಲ್ಲಿ ಮೊದಲ ಮಹಾಯುದ್ಧ ಕಾಲದ ವಿಮಾನಗಳ ಬಿಡಿಭಾಗಗಳು ರಾಶಿಗಟ್ಟಲೆ ಉಳಿದಿದ್ದರಿಂದ, ಅವನ್ನು ಬಳಸಿಕೊಳ್ಳುವಂತೆಯೇ ಅದನ್ನು ವಿನ್ಯಾಸಗೊಳಿಸಲಾಗಿತ್ತು. ಈ ಐವರಲ್ಲಿ ಇಬ್ಬರು ಒಂದು ವರ್ಷ ತುಂಬುವ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಇವರ ಪಾಠಶಾಲೆ ವಾಯವ್ಯ ಗಡಿಯ ವಜೀರಿಸ್ತಾನ. ಬಂಡೆಗಳ ಮರೆಯಿಂದ ರೈಫಲ್ಲಿನಿಂದ ಗುಂಡು ಹಾರಿಸುವ ಬುಡಕಟ್ಟು ಜನರ ಮೇಲೆ ಸಾಮ್ರಾಜ್ಯದ ಪರವಾಗಿ ಹಾರುವುದು ಅವರಿಗೆ ವಹಿಸಿದ ಕೆಲಸ. ಅದರಲ್ಲಿನ ನೈತಿಕ ಇರುಸುಮುರುಸನ್ನು ನಾವು ಇಂದು ಕಾಣದೆ ಇರಲಾರೆವು. ಅಲ್ಲಿ ಹಾರುವ ಪ್ರತಿಯೊಬ್ಬ ಪೈಲಟ್‌ನ ಜೇಬಿನಲ್ಲೂ ಸ್ಥಳೀಯ ಭಾಷೆಯಲ್ಲಿ ಬರೆದ ಒಂದು ಚೀಟಿ ಇರುತ್ತಿತ್ತು: ಈ ಮನುಷ್ಯನಿಗೆ ಅಪಾಯ ಮಾಡದೆ ಒಪ್ಪಿಸಿದವರಿಗೆ ಸರ್ಕಾರ ಹಣ ಕೊಡುತ್ತದೆ ಎಂಬುದು ಅದರ ಸಾರ. ವಾಪಿಟಿಗೆ ಗುಂಡು ತಗುಲಿ ಬೆಟ್ಟದ ನಡುವೆ ನೆಲಕ್ಕಪ್ಪಳಿಸಿದ ಮೆಹರ್ ಸಿಂಗ್ ಮತ್ತು ಅವರ ಗನ್ನರ್ ಗುಲಾಂ ಅಲಿ ಆ ಚೀಟಿಯನ್ನು ನಂಬಿ ಕೂರಲಿಲ್ಲ. ಕತ್ತಲಲ್ಲಿ ನಡೆದು ಸೇನೆಯ ಠಾಣೆ ಮುಟ್ಟಿದರು.

ಹೀಗೆ 1939ರ ಸೆಪ್ಟೆಂಬರ್ ಬಂದಾಗ ಭಾರತೀಯ ವಾಯುಪಡೆಯಲ್ಲಿದ್ದದ್ದು ಒಂದೇ ಸ್ಕ್ವಾಡ್ರನ್ ಮತ್ತು 16 ಮಂದಿ ಅಧಿಕಾರಿಗಳು. ಆ ಸ್ಕ್ವಾಡ್ರನ್ನಿನ ನಾಯಕತ್ವ ಮೊದಲ ಬಾರಿಗೆ ಒಬ್ಬ ಭಾರತೀಯರಿಗೆ, 28ರ ಸುಬ್ರೊತೊ ಮುಖರ್ಜಿಯವರಿಗೆ, ದಕ್ಕಿ ಆಗಿನ್ನೂ ಆರು ತಿಂಗಳಾಗಿತ್ತು. ಕ್ರಾನ್‌ವೆಲ್‌ನಲ್ಲಿದ್ದ ಅರ್ಜನ್ ಸಿಂಗ್‌ ಅದೇ ಡಿಸೆಂಬರಿನಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅಧಿಕಾರಿಯಾದರು.

ಈಗ ಸರ್ಕಾರಕ್ಕೆ ಪೈಲಟ್‌ಗಳು ಬೇಕಾದರು, ಅದೂ ತಕ್ಷಣ. ಇದ್ದ ಆಸರೆ ಎಂದರೆ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಸ್ವಂತ ಖರ್ಚಿನಲ್ಲಿ ಹಾರಲು ಕಲಿತ ಹುಡುಗರು. 1930ರಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಂಟಿಯಾಗಿ ಹಾರಿದ ಮೊದಲ ಭಾರತೀಯನಿಗೆಂದು ಆಗಾ ಖಾನ್ ಇಟ್ಟ ಬಹುಮಾನಕ್ಕೆ ಪೈಪೋಟಿ ನಡೆಸಿದ್ದವರು ಇದೇ ಪೀಳಿಗೆಯವರು. ಅದನ್ನು ಗೆದ್ದ ಆಸ್ಪಿ ಇಂಜಿನಿಯರ್‌ಗೆ ಆಗ 17 ವರ್ಷ. ದಾರಿಯಲ್ಲಿ ಈಜಿಪ್ಟಿನಲ್ಲಿ ಅವರ ವಿಮಾನ ಕೈಕೊಟ್ಟಾಗ ಸ್ಪಾರ್ಕ್ ಪ್ಲಗ್ ಕೊಟ್ಟು ಕಳಿಸಿದವರು ಪ್ರತಿಸ್ಪರ್ಧಿ ಜೆ.ಆರ್.ಡಿ. ಟಾಟಾ. ಆಸ್ಪಿ ವಾಯುಪಡೆ ಸೇರಿದರು. ಅದೇ ಬಹುಮಾನಕ್ಕೆ ಹಾರಿದ್ದ ಮನ್ ಮೋಹನ್ ಸಿಂಗ್ ಯುದ್ಧ ಬಂದಾಗ ಸ್ವಯಂಸೇವಕ ಮೀಸಲು ಪಡೆ ಸೇರಿ, ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ಹಾರುದೋಣಿಯ ಪೈಲಟ್ ಆಗಿ, 1942ರ ಮಾರ್ಚ್ 3ರಂದು ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ನಡೆದ ಜಪಾನೀ ದಾಳಿಯಲ್ಲಿ ಮಡಿದರು.

ಮೀಸಲು ಪಡೆಯಿಂದ ಕರಾವಳಿ ಕಾವಲಿನ ತುಕಡಿಗಳು ಮದ್ರಾಸು, ಮುಂಬಯಿ, ಕಲ್ಕತ್ತಾ, ಕೊಚ್ಚಿ, ಕರಾಚಿಗಳಲ್ಲಿ ಹುಟ್ಟಿಕೊಂಡವು. ಅವಕ್ಕೆ ಸಿಕ್ಕದ್ದೂ ಹಳೆಯ ವಾಪಿಟಿಗಳೇ. 1941ರಲ್ಲಿ ಪೇಶಾವರದಲ್ಲಿ ಎರಡನೇ ಸ್ಕ್ವಾಡ್ರನ್ ಕಟ್ಟಿದಾಗಲೂ ಅಣ್ಣನ ಅಂಗಿ ತಮ್ಮನಿಗೆ ಎಂಬಂತೆ ಮೊದಲನೆಯದರ ವಾಪಿಟಿಗಳು ಅದರ ಪಾಲಿಗೆ ಬಂದವು. ಒಂದನೆಯದಕ್ಕೆ ಸಿಕ್ಕ 12 ಲೈಸ್ಯಾಂಡರ್‌ಗಳಿಗೂ ಹಣ ಹೊಂದಿಸಿದ್ದು ಮುಂಬಯಿಯ ಯುದ್ಧನಿಧಿ.

ವಿಮಾನವನ್ನು ಇಲ್ಲೇ ತಯಾರಿಸಬಾರದೇಕೆ ಎಂದು ಕೇಳಿದವರು ಉದ್ಯಮಿ ವಾಲಚಂದ್ ಹೀರಾಚಂದ್. ಅವರಿಗೆ ಜಾಗ ಮತ್ತು ಬಂಡವಾಳದ ನೆರವು ಸಿಕ್ಕಿದ್ದು ಮೈಸೂರು ಸಂಸ್ಥಾನದಿಂದ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಆಕಾಶಕ್ಕೇರಿತು. ಆದರೆ ಜಪಾನ್ ಹತ್ತಿರ ಬಂದಂತೆ ಈ ಕಾರ್ಖಾನೆ ತಯಾರಿಕೆಯಿಂದ ದುರಸ್ತಿಗೆ ಹೊರಳಿತು, ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲಿನಾಗಳು ಬಂದಿಳಿಯತೊಡಗಿದವು.

ಇತ್ತ 1940ರಲ್ಲಿ ವಾಣಿಜ್ಯ ಪರವಾನಗಿ ಇದ್ದ 24 ಭಾರತೀಯ ಪೈಲಟ್‌ಗಳನ್ನು ಬ್ರಿಟನ್ನಿಗೆ ಕಳಿಸಲಾಯಿತು. ಅವರಲ್ಲೊಬ್ಬರಾದ ಮೊಹಿಂದರ್ ಸಿಂಗ್ ಪುಜಿ ಅಲ್ಲಿನ ಆಕಾಶದಲ್ಲಿ ಹರಿಕೇನ್ ಯುದ್ಧವಿಮಾನವನ್ನು ಪೇಟ ಕಟ್ಟಿಕೊಂಡೇ ಹಾರಿಸಿದರು; ಪೇಟದ ಮುಂಭಾಗದಲ್ಲಿ ವಾಯುಪಡೆಯ ಬಿಲ್ಲೆ ಇರುತ್ತಿತ್ತು, ವಿಮಾನದಲ್ಲಿ ಇನ್ನೊಂದು ಪೇಟವೂ ಇರುತ್ತಿತ್ತು. ಅದೇ ಹೊತ್ತಿನಲ್ಲಿ ಅವರ ಓರಗೆಯವರು ತವರಿನಲ್ಲಿ ಎರಡು ಅಂತಸ್ತಿನ ರೆಕ್ಕೆಯ ವಿಮಾನಗಳಲ್ಲೇ ಸಮುದ್ರ ಕಾಯುತ್ತಿದ್ದರು. ಕೊರತೆ ಇದ್ದದ್ದು ಯಾವುದರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬರ್ಮಾದಲ್ಲಿ ಮಜುಂದಾರರ ತಂಡ ಚಿಯಾಂಗ್ ಮಾಯ್ ಮತ್ತು ಚಿಯಾಂಗ್ ರಾಯ್ ನೆಲೆಗಳ ಮೇಲೂ ದಾಳಿ ನಡೆಸಿತು. ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಂದಿತು. ಆದರೆ ರಂಗೂನು ಕೈಬಿಟ್ಟು ಸೇನೆ ಹಿಂದೆ ಸರಿಯುತ್ತಿದ್ದಂತೆ ಮಾರ್ಚಿನಲ್ಲಿ ಸ್ಕ್ವಾಡ್ರನ್ ಕೂಡ ಭಾರತಕ್ಕೆ ಮರಳಿತು. ಜೂನ್ ತಿಂಗಳಲ್ಲಿ, ತಿರುಚಿರಾಪಳ್ಳಿಯಲ್ಲಿ, ಅದಕ್ಕೆ ಹರಿಕೇನ್‌ಗಳು ಸಿಕ್ಕವು.