ಓದುಗರ ಪ್ರಶ್ನೆ: ಅಣ್ಣಾವ್ರ ಸಿಐಡಿ 999 ಪಾತ್ರವನ್ನು ಇನ್ನೊಬ್ಬರು ಮಾಡಬಹುದೇ?

ಪ್ರಶ್ನೆ: ನಾನು ತುಮಕೂರಿನವನು, ಅಣ್ಣಾವ್ರ ಅಭಿಮಾನಿ. ಪಿಯುಸಿ ಓದುತ್ತಿರುವ ನನ್ನ ಮಗ ಮೊಬೈಲಿನಲ್ಲಿ ‘ಇಫ್ ಯು ಕಮ್ ಟುಡೇ’ ಹಾಡು ನೋಡಿ, ಅಣ್ಣಾವ್ರು ಪತ್ತೇದಾರನಾಗಿ ನಟಿಸಿದ ಸಿಐಡಿ 999 ಸಿನಿಮಾಗಳನ್ನು ಈಗಿನ ಹೀರೊ ಹಾಕಿಕೊಂಡು ಹೊಸದಾಗಿ ಮಾಡಬೇಕು ಅನ್ನುತ್ತಾನೆ. ನಮ್ಮ ಅಭಿಮಾನಿ ಬಳಗದಲ್ಲಿ ಈ ಮಾತು ಎತ್ತಿದರೆ ಜಗಳವೇ ಆಗುತ್ತದೆ. ಅರ್ಧ ಜನ ‘ಆ ಪಾತ್ರ ಯಾರೂ ಮುಟ್ಟಬಾರದು’ ಅಂತಾರೆ. ಉಳಿದವರು ‘ಹೊಸದು ಬರದಿದ್ದರೆ ಮುಂದಿನವರಿಗೆ ಹಳೆಯದು ಇತ್ತು ಅನ್ನೋದೇ ಗೊತ್ತಾಗಲ್ಲ’ ಅಂತಾರೆ. ಯಾರ ಮಾತು ಸರಿ?

ಉತ್ತರ: ಮಾಡಬಹುದು. ಮಾಡಬೇಕು ಅನ್ನುವವನು ನಾನು. ಆದರೆ ಹಳೆಯ ನಾಲ್ಕೂ ಚಿತ್ರಗಳು ಒಳ್ಳೆಯ ಪ್ರತಿಯಲ್ಲಿ ಜನರ ಕಣ್ಣಿಗೆ ಬಿದ್ದ ಮೇಲೆ ಮಾಡಬೇಕು. ಈ ಕ್ರಮ ತಪ್ಪಿದರೆ ‘ಮುಟ್ಟಬಾರದು’ ಅನ್ನುವವರ ಭಯವೇ ನಿಜವಾಗುತ್ತದೆ. ಹೊಸ ಚಿತ್ರ ಹಳೆಯದರ ಜಾಗವನ್ನು ನುಂಗಿ ಕೂರುತ್ತದೆ.

ನಿಮ್ಮ ಮಗನಿಗಾಗಿ ಸರಣಿಯ ವಿವರ ಹೇಳಿಬಿಡುತ್ತೇನೆ. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಆಮೇಲೆ ಒಂಬತ್ತು ವರ್ಷ ಸುಮ್ಮನಿದ್ದು, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕಕ್ಕೂ ನಿರ್ದೇಶಕರು ದೊರೈ-ಭಗವಾನ್, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅವನು ನೋಡಿದ ಹಾಡು ನಾಲ್ಕನೆಯ ಚಿತ್ರದ್ದು. ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಗೋವಾದ ಚಿತ್ರದಿಂದ. ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರು ಮಾಡಿದ ರೇಖಾ ನಾಯಕಿಯಾಗಿ ಕಾಣಿಸಿಕೊಂಡದ್ದು ‘ಜಾಕ್‌ಪಾಟ್‌’ನಲ್ಲಿ. ಅಣ್ಣಾವ್ರ ಪಕ್ಕದಲ್ಲಿ ನಿಂತು ನಗಿಸಿದ ನರಸಿಂಹರಾಜು ನಿಮ್ಮ ಜಿಲ್ಲೆಯವರೇ, ತಿಪಟೂರಿನವರು.

ಈಗ 1968ಕ್ಕೆ ಸ್ವಲ್ಪ ಹೋಗಿ ನಿಲ್ಲಿ. ‘ಸತ್ಯ ಹರಿಶ್ಚಂದ್ರ’ ಬಂದು ಮೂರು ವರ್ಷವಾಗಿದೆ. ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ಅಣ್ಣಾವ್ರನ್ನು ಜನ ಕೈಮುಗಿದು ನೋಡಿ ಎರಡೇ ವರ್ಷ. ಅಂಥವರಿಗೆ ಸೂಟು ಹಾಕಿಸಿ, ಕೈಗೆ ಪಿಸ್ತೂಲು ಕೊಟ್ಟು, ನಂಬರ್ ಹಚ್ಚಿ ಪತ್ತೇದಾರ ಪ್ರಕಾಶ್ ಅಂತ ನಿಲ್ಲಿಸಿದ್ದು ಇಬ್ಬರು ಹೊಸ ನಿರ್ದೇಶಕರು. ಜೋಡಿಯಾಗಿ ಅವರು ನಿರ್ದೇಶಿಸಿದ ಮೊದಲ ಸಿನಿಮಾ ಅದು. ಅಚ್ಚು ಹೊರಗಿನದು, 1962ರಲ್ಲಿ ತೆರೆಗೆ ಬಂದ ಜೇಮ್ಸ್ ಬಾಂಡ್‌ನದು. ಇಂಗ್ಲಿಷ್ ಚಿತ್ರಗಳ ರುಚಿ ಹತ್ತುತ್ತಿದ್ದ ಹೊಸ ಪ್ರೇಕ್ಷಕನನ್ನು ಕನ್ನಡದ ಟಾಕೀಸಿಗೆ ಕರೆತರಲು ಮಾಡಿದ ಸಾಹಸ. ಅಂದರೆ ಈ ಸರಣಿ ಹುಟ್ಟಿದ್ದೇ ಹೊಸಬರಿಗಾಗಿ. ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಇದನ್ನು ಮಾಡಿದವರ ಧೈರ್ಯಕ್ಕೇ ಬೀಗ ಹಾಕಿದ ಹಾಗಾಗುತ್ತದೆ.

‘ಪಾತ್ರ ಮುಟ್ಟಬಾರದು’ ಅನ್ನುವ ಮಾತು ತುಮಕೂರಿನಿಂದ ಬಂದದ್ದು ನನಗೆ ಆಶ್ಚರ್ಯ. ಪಾತ್ರವನ್ನು ಕೈಯಿಂದ ಕೈಗೆ ದಾಟಿಸುವುದನ್ನು ನಿಮ್ಮ ಜಿಲ್ಲೆಯಷ್ಟು ಚೆನ್ನಾಗಿ ಬಲ್ಲ ಜಿಲ್ಲೆ ಇನ್ನೊಂದಿಲ್ಲ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಒಬ್ಬ ನಟ ಕಂಪನಿ ಬಿಟ್ಟರೆ ನಾಟಕ ನಿಲ್ಲುತ್ತಿರಲಿಲ್ಲ. ಆ ಪಾತ್ರಕ್ಕೆ ಇನ್ನೊಬ್ಬ ಬಣ್ಣ ಹಚ್ಚುತ್ತಿದ್ದ. ಮುತ್ತುರಾಜ ಎಂಬ ಹುಡುಗ ಪಳಗಿದ್ದು ಆ ಕಂಪನಿಯಲ್ಲೇ. ಅವರು ರಾಜ್‌ಕುಮಾರ್ ಆಗಿ, ನಾಯಕನಾಗಿ ಮೊದಲು ಕಾಣಿಸಿಕೊಂಡ 1954ರ ‘ಬೇಡರ ಕಣ್ಣಪ್ಪ’ ಕೂಡ ರಂಗದಿಂದ ತೆರೆಗೆ ಬಂದ ಕಥೆ.

ಅಷ್ಟು ಹಿಂದೆಯೂ ಹೋಗಬೇಕಿಲ್ಲ. ಇವತ್ತಿಗೂ ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆ ಊರಹಬ್ಬಕ್ಕೆ ‘ಕುರುಕ್ಷೇತ್ರ’ ಆಡುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ನೋಡಬಹುದು. ಬಾಡಿಗೆಗೆ ತಂದ ಸೀನರಿ, ಬಾಡಿಗೆಯ ಕಿರೀಟ, ಮುಂದುಗಡೆ ಹಾರ್ಮೋನಿಯಂ ಮೇಷ್ಟ್ರು. ದುರ್ಯೋಧನ ಹಗಲಲ್ಲಿ ತೆಂಗಿನ ತೋಟದವನೋ ಮೇಷ್ಟ್ರೋ ಕಂಡಕ್ಟರೋ ಆಗಿರುತ್ತಾನೆ. ದುಡ್ಡು ಕೊಟ್ಟು ಪಾತ್ರ ತೆಗೆದುಕೊಂಡು, ರಾತ್ರಿಯೆಲ್ಲ ಕೂತು ಕಂದಪದ್ಯ ಬಾಯಿಪಾಠ ಮಾಡಿರುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ಹಿರಿಯರಿಗೆ ಆ ಪದ್ಯ ಅವನಿಗಿಂತ ಚೆನ್ನಾಗಿ ಗೊತ್ತು. ಅವನು ಬಾಯಿ ತೆರೆಯುವ ಮೊದಲೇ ಇವರ ತುಟಿ ಅಲ್ಲಾಡುತ್ತಿರುತ್ತದೆ. ಸ್ವರ ಜಾರಿದರೆ ಮುಖ ಸಿಂಡರಿಸುತ್ತಾರೆ. ಎತ್ತಿ ಹಾಡಿದರೆ ‘ಒನ್ಸ್ ಮೋರ್’ ಕೂಗುತ್ತಾರೆ, ಯಾರೋ ಹಾರ ಹಿಡಿದು ಸ್ಟೇಜ್ ಹತ್ತುತ್ತಾರೆ, ಕೌರವನ ದರ್ಬಾರು ಎರಡು ನಿಮಿಷ ನಿಲ್ಲುತ್ತದೆ. ಹೋದ ವರ್ಷದ ದುರ್ಯೋಧನ ಜನರ ನಡುವೆಯೇ ಕೂತಿರುತ್ತಾನೆ. ಅವನಿಗೆ ಅವಮಾನವಾಯಿತು ಅಂತ ಯಾರಿಗೂ ಅನಿಸುವುದಿಲ್ಲ.

ಸಿನಿಮಾದಲ್ಲಿ ಹಾಗಲ್ಲ, ಅಲ್ಲಿ ಮುಖ ಅಚ್ಚಾಗಿ ಉಳಿದುಬಿಡುತ್ತದೆ ಅನ್ನುತ್ತೀರಿ. ಆ ವಾದಕ್ಕೆ ತೂಕವಿದೆ. ಬಾಂಡ್ ಚಿತ್ರಗಳಲ್ಲಿ ನಟ ಬದಲಾಗುವ ರೂಢಿ ಬೇಗ ಬಿತ್ತು. ಶಾನ್ ಕಾನರಿ ಬಿಟ್ಟಾಗ 1969ರಲ್ಲೇ ಜಾರ್ಜ್ ಲೇಜನ್‌ಬಿ ಬಂದ, 1973ಕ್ಕೆ ರೋಜರ್ ಮೂರ್. 2005ರಲ್ಲಿ ಡೇನಿಯಲ್ ಕ್ರೇಗ್ ಹೆಸರು ಹೊರಬಿದ್ದಾಗ ಹೊಂಗೂದಲಿನವ ಬಾಂಡ್ ಆಗುವುದೇ ಅಂತ ಅಲ್ಲಿಯ ಅಭಿಮಾನಿಗಳೂ ರೇಗಿದರು. ಮರುವರ್ಷ ಸಿನಿಮಾ ಬಂದ ಮೇಲೆ ಆ ಗಲಾಟೆ ತಣ್ಣಗಾಯಿತು. ನಮ್ಮ 999ಕ್ಕೆ ಮಾತ್ರ ಹತ್ತು ವರ್ಷವೂ ಒಂದೇ ಮುಖ, ಅದೂ ಅಣ್ಣಾವ್ರ ಮುಖ. 1978ರ ನಂತರ ಆ ಪಾತ್ರ ಯಾರ ಕೈಗೂ ಹೋಗಲಿಲ್ಲ. ಇಷ್ಟು ದೀರ್ಘ ಮೌನದ ನಂತರ ಇನ್ನೊಬ್ಬ ಆ ಸೂಟು ಹಾಕಿಕೊಂಡರೆ ಎದೆಗೆ ಚುಚ್ಚುವುದು ಸಹಜ. ನಿಮ್ಮ ಗೆಳೆಯರ ಸಿಟ್ಟಿನಲ್ಲಿ ಪ್ರೀತಿ ಇದೆ. ಅದನ್ನು ಹಳೇ ಕಾಲದವರ ಹಟ ಅಂತ ತಳ್ಳಿಹಾಕಬೇಡಿ ಅಂತ ಮಗನಿಗೆ ಹೇಳಿ.

ಕನ್ನಡದಲ್ಲಿ ಇಂಥ ಪ್ರಯತ್ನ ಆಗಿಲ್ಲವೇ? ಆಗಿದೆ. ಶಂಕರ್‌ನಾಗ್ 1988ರಲ್ಲಿ ಪೊಲೀಸ್ ಅಧಿಕಾರಿ ಸಾಂಗ್ಲಿಯಾನ ಆದರು, 1990ರಲ್ಲಿ ಎರಡನೇ ಭಾಗ. ಅದೇ ವರ್ಷ ಅವರು ಹೋಗಿಬಿಟ್ಟರು. 1997ರಲ್ಲಿ ಮೂರನೇ ಭಾಗಕ್ಕೆ ದೇವರಾಜ್ ಖಾಕಿ ತೊಟ್ಟರು. ಪೊಲೀಸ್ ಪಾತ್ರಕ್ಕೆ ಅವರಿಗಿಂತ ಗಟ್ಟಿ ನಟ ಬೇಕೇ? ಆದರೂ ಸಾಂಗ್ಲಿಯಾನ ಅಂದರೆ ಇವತ್ತಿಗೂ ಕಣ್ಣಮುಂದೆ ಬರುವುದು ಶಂಕರ್‌ನಾಗ್. ಇದರಿಂದ ಯಾರಿಗೆ ನಷ್ಟವಾಯಿತು? ಶಂಕ್ರಣ್ಣನಿಗಂತೂ ಆಗಲಿಲ್ಲ. ಒಳ್ಳೆಯ ಮೂಲವನ್ನು ಮುಂದಿನ ಭಾಗ ಅಳಿಸಲಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನನಗೆ ಮಾದರಿ ಅನಿಸುವುದು ‘ಗಂಧದ ಗುಡಿ’. 1973ರಲ್ಲಿ ಅಣ್ಣಾವ್ರು ಅರಣ್ಯಾಧಿಕಾರಿ. 1994ರ ಎರಡನೇ ಭಾಗದಲ್ಲಿ ಶಿವಣ್ಣ. 2022ರಲ್ಲಿ ಅದೇ ಹೆಸರಿನಲ್ಲಿ ಅಪ್ಪು ಕಾಡು ಸುತ್ತಿದ ಸಾಕ್ಷ್ಯಚಿತ್ರ ಬಂತು, ಅವರು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ. ಮೂರೂ ಬೇರೆ ಬೇರೆ ಬಗೆಯವು. ಕೊನೆಯದರಲ್ಲಿ ಕಟ್ಟುಕಥೆಯೇ ಇಲ್ಲ. ಆದರೆ ಕಾಡಿನ ಮೇಲಿನ ಮಮತೆ ಮೂರರಲ್ಲೂ ಒಂದೇ. ಹೆಸರಿನ ಜೊತೆ ಹೆಸರಿನ ಜೀವವೂ ದಾಟಿ ಬಂದಿತ್ತು, ಹಾಗಾಗಿ ಜನ ಕಣ್ಣೊರೆಸಿಕೊಂಡು ಒಪ್ಪಿಕೊಂಡರು.

ಹಾಗಾದರೆ 999ರ ಜೀವ ಯಾವುದು? ನನ್ನ ಲೆಕ್ಕದಲ್ಲಿ, ಪ್ರಕಾಶನ ಚುರುಕು ಮತ್ತು ಮರ್ಯಾದೆ. ಅಪಾಯದ ನಡುವೆಯೂ ಅವನ ಮುಖದಿಂದ ಸರಸ ಮಾಸುವುದಿಲ್ಲ. ಕನ್ನಡ ಮಾತು ಸ್ಫುಟ, ಒಂದು ಅಕ್ಷರವೂ ಜಾರದು. ಅಜ್ಜಿ, ಮೊಮ್ಮಗ ಪಕ್ಕಪಕ್ಕ ಕೂತು ಮುಜುಗರವಿಲ್ಲದೆ ನೋಡಬಹುದಾದ ಪತ್ತೇದಾರಿಕೆ ಅದು. ಇಷ್ಟು ಉಳಿಸಿಕೊಂಡರೆ ಉಳಿದದ್ದನ್ನೆಲ್ಲ ಬದಲಾಯಿಸಲಿ. ಹೆಣ್ಣು ಪಾತ್ರಗಳನ್ನಂತೂ ಬದಲಾಯಿಸಲೇಬೇಕು. ಆಗ ನಾಯಕಿಗೆ ಸಿಗುತ್ತಿದ್ದ ಕೆಲಸ ಬಹಳ ಕಡಿಮೆ, ಇವತ್ತಿನ ಹುಡುಗಿಯರು ಅಷ್ಟಕ್ಕೆ ಟಿಕೆಟ್ ಕೊಳ್ಳುವುದಿಲ್ಲ. ಎರಡೂವರೆ ಗಂಟೆ ಕತ್ತಲು, ರಕ್ತ, ನಿಧಾನಗತಿಯ ನಡಿಗೆ ತುಂಬಿಸಿ ಮೇಲೆ 999 ಅಂತ ಬರೆದರೆ ಅದು ಬೇರೆ ಯಾವುದೋ ಸಿನಿಮಾ. ಅದಕ್ಕೆ ಈ ನಂಬರಿನ ಹಂಗು ಬೇಕಿಲ್ಲ.

ಒಂದು ವಿಷಯಕ್ಕೆ ಮಾತ್ರ ನನ್ನ ವಿರೋಧವಿದೆ: ಕಂಪ್ಯೂಟರಿನಲ್ಲಿ ಅಣ್ಣಾವ್ರ ಮುಖ ಹುಟ್ಟಿಸುವುದು. 2016ರಲ್ಲಿ ಬಂದ ‘ನಾಗರಹಾವು’ ಚಿತ್ರದಲ್ಲಿ, ತೀರಿಹೋಗಿ ಆರು ವರ್ಷ ದಾಟಿದ್ದ ವಿಷ್ಣುದಾದಾರನ್ನು ಗ್ರಾಫಿಕ್ಸ್‌ನಲ್ಲಿ ತಂದರು. ಈಗ ತಂತ್ರ ಇನ್ನೂ ಸುಲಭವಾಗಿದೆ. ಆದರೆ ನಟನೆ ಅನ್ನುವುದು ಆ ಕ್ಷಣ ಆ ಮನುಷ್ಯ ಮಾಡಿದ ಆಯ್ಕೆ. ಅವರು ಎತ್ತದ ಹುಬ್ಬನ್ನು ನಾವು ಎತ್ತಿಸಿ ಅವರ ಹೆಸರಲ್ಲಿ ತೋರಿಸುವುದು ಸಲ್ಲದು.

ಇನ್ನು ಹಕ್ಕಿನ ವಿಚಾರ. ಬಳಗದಲ್ಲಿ ಇದು ಗೊತ್ತಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ. ನಟನೂ ಅಲ್ಲ, ಅಭಿಮಾನಿಯೂ ಅಲ್ಲ. ಚಿತ್ರ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಆ ಹಕ್ಕು ನಡೆಯುತ್ತದೆ. ಹಾಗೆ ನೋಡಿದರೆ 1968ರ ಎರಡು ಚಿತ್ರಗಳ ಹಕ್ಕು 2028ರ ಕೊನೆಯವರೆಗೆ, ‘ಜಾಕ್‌ಪಾಟ್’ 2029, ‘ಡೈಮಂಡ್ ರಾಕೆಟ್’ 2038. ಅವಧಿ ಮುಗಿದ ಕೂಡಲೇ ಯಾರು ಬೇಕಾದರೂ ಕಥೆ ಎತ್ತಿಕೊಂಡು ಹೊಸ ಸಿನಿಮಾ ಮಾಡಬಹುದು ಅಂದುಕೊಳ್ಳಬೇಡಿ. ಕಥೆ, ಹಾಡಿನ ಸಾಹಿತ್ಯ, ಸಂಗೀತ ಇವಕ್ಕೆ ಪ್ರತ್ಯೇಕ ಹಕ್ಕಿದೆ, ಅದು ಬರೆದವರ ಜೀವಮಾನ ಮತ್ತು ಅದರ ಮೇಲೆ 60 ವರ್ಷ. ಬರೀ ಶೀರ್ಷಿಕೆಗೆ ಹಕ್ಕುಸ್ವಾಮ್ಯವಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದರೆ ನಮ್ಮಲ್ಲಿ ಶೀರ್ಷಿಕೆಯನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುವ ಪದ್ಧತಿ ಇದೆ. ಆದ್ದರಿಂದ ಹೊಸ 999 ಬರುವುದಾದರೆ ಹಕ್ಕುದಾರರನ್ನು ಕೇಳಿಯೇ ಬರಬೇಕು. ಅಭಿಮಾನಿ ಬಳಗ ಒತ್ತಾಯ ಮಾಡಬೇಕಾದದ್ದೂ ಅವರನ್ನೇ.

ಏನಂತ ಒತ್ತಾಯಿಸಬೇಕು? ಮೊದಲು ಹಳೆಯವನ್ನು ಸರಿಪಡಿಸಿ ಕೊಡಿ ಅಂತ. ಇದಕ್ಕೆ ಜನ ಬರುತ್ತಾರೋ ಇಲ್ಲವೋ ಅನ್ನುವ ಅನುಮಾನ ಬೇಡ. ಇದೇ ದೊರೈ-ಭಗವಾನ್ ನಿರ್ದೇಶಿಸಿದ 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಸಿಕೊಂಡು ಬಂದಾಗ, ಅದು ಬಿಡುಗಡೆಯಾದ ಕಾಲಕ್ಕೆ ಹುಟ್ಟದೇ ಇದ್ದವರೂ ಥಿಯೇಟರಿನಲ್ಲಿ ಕೂತು ಅತ್ತರು. 1972ರ ಹಳೆಯ ‘ನಾಗರಹಾವು’ 2018ರಲ್ಲಿ ಹೊಸ ಧ್ವನಿಯೊಂದಿಗೆ ಮತ್ತೆ ತೆರೆಕಂಡಿತು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆ ಏರಿತು. ಕಲಾತ್ಮಕ ಚಿತ್ರಕ್ಕೆ ಸಲ್ಲುವ ಈ ಗೌರವ, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹೊಡೆಸಿದ ಚಿತ್ರಕ್ಕೂ ಸಲ್ಲಬೇಕು. 999ರ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವುದೂ ಬೇಡ ಅಂತ ನನ್ನ ಆಸೆ. ಆ ನೆರಳು-ಬೆಳಕು ಪತ್ತೇದಾರಿ ಕಥೆಗೆ ಹೇಳಿ ಮಾಡಿಸಿದಂತಿದೆ. ಚಿತ್ರಿಕೆಯ ಗೀರು ತೆಗೆದು, ಧ್ವನಿ ಶುದ್ಧ ಮಾಡಿದರೆ ಸಾಕು.

ಅಷ್ಟಾದ ಮೇಲೆ ಹೊಸಬನ ಆಯ್ಕೆ. ನನ್ನನ್ನು ಕೇಳಿದರೆ ದೊಡ್ಡ ಸ್ಟಾರ್ ಬೇಡ. ಅವರಿಗೆ ಅವರದೇ ಅಭಿಮಾನಿಗಳಿದ್ದಾರೆ, ಅವರದೇ ಶೈಲಿಯ ಎಂಟ್ರಿ, ಡೈಲಾಗ್ ಕೇಳುತ್ತಾರೆ. ಪ್ರಕಾಶ್ ಅದರಡಿ ಸಿಕ್ಕಿ ಅಪ್ಪಚ್ಚಿಯಾಗುತ್ತಾನೆ. ರಂಗಭೂಮಿಯಲ್ಲಿ ಪಳಗಿದ, ನಾಲಿಗೆ ಹೊರಳುವ, ಮೈ ಬಗ್ಗುವ ಇಪ್ಪತ್ತೆಂಟು-ಮೂವತ್ತರ ಹುಡುಗನನ್ನು ಹುಡುಕಲಿ. ಅಂಥವರನ್ನು ಹುಡುಕಲು ಬೆಂಗಳೂರು ದಾಟಿ ಒಂದೂವರೆ ಗಂಟೆ ಪಯಣಿಸಿದರೆ ಸಾಕು.